ಕನ್ನಡ ಬರೆದರೆ ಪ್ರಶ್ನೆ ಚಿಹ್ನೆ ಯಾಕೆ?

ಜಾಲತಾಣದ ಹುಡುಕು ಪೆಟ್ಟಿಗೆಯಲ್ಲಿ ‘ನವಿ ಪೇಠ’ ಅಂತ ಕನ್ನಡದಲ್ಲಿ ಬರೆದಿರಿ ಅನ್ನಿ. ತಿರುಗಿ ಬಂದದ್ದು ‘??? ???’, ಇಲ್ಲವೇ ಗುರುತೇ ಸಿಗದ ಚಿಹ್ನೆಗಳ ಸಾಲು. ತಪ್ಪು ನಿಮ್ಮದಲ್ಲ, ಸರ್ವರಿನ ಸೆಟ್ಟಿಂಗ್‌ದು.

ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ‘ನವಿ’ಯಲ್ಲಿ ನ, ವ, ಗುಡಿಸು ಸೇರಿ 3 ಸಂಕೇತ, ಅಂದರೆ 9 ಬೈಟ್. ಜಾವಾ ಜಾಲತಾಣಗಳನ್ನು ನಡೆಸುವ ಟಾಮ್‌ಕ್ಯಾಟ್ ಸರ್ವರ್ ತನ್ನ 7ನೇ ಆವೃತ್ತಿಯವರೆಗೆ, ವಿಳಾಸದ ಜೊತೆ ಬಂದ ಪದಗಳನ್ನು ತಾನಾಗಿ ಐಎಸ್‌ಒ 8859-1 ಪದ್ಧತಿಯಲ್ಲೇ ಓದುತ್ತಿತ್ತು. ಅದು ಪಶ್ಚಿಮ ಯುರೋಪಿನ ಭಾಷೆಗಳಿಗೆ ಮಾಡಿದ್ದು. ಅಲ್ಲಿ ಒಂದು ಬೈಟಿಗೆ ಒಂದು ಅಕ್ಷರ. ಕನ್ನಡಕ್ಕೆ ಜಾಗವೇ ಇಲ್ಲ!

ಹಂಗಾದ್ರೆ ದೋಷ ಹಿಡಿಯೋದು ಹೆಂಗ? ಚಿಹ್ನೆ ನೋಡ್ರಿ.

ಒಂದು ಸಂಕೇತ ಮೂರು ವಿಚಿತ್ರ ಚಿಹ್ನೆಗಳಾಗಿ ಒಡೆದಿದ್ದರೆ, ಓದುವಾಗ ತಪ್ಪಾಗಿದೆ. ಬೈಟುಗಳು ಉಳಿದಿವೆ, ಸರಿಪಡಿಸಬಹುದು. ‘ಸರ್ವರ್ ಡಾಟ್ ಎಕ್ಸ್‌ಎಂಎಲ್’ ಕಡತದ ಕನೆಕ್ಟರ್ ಸಾಲಿನಲ್ಲಿ ‘ಯುಆರ್‌ಐ ಎನ್‌ಕೋಡಿಂಗ್’ ಯುಟಿಎಫ್-8 ಆಗಿರಬೇಕು. 8ನೇ ಆವೃತ್ತಿಯಿಂದ ಅದು ತಾನಾಗಿಯೇ ಹಾಗಿರುತ್ತದೆ.

ಒಂದೊಂದು ಸಂಕೇತಕ್ಕೆ ಒಂದೊಂದು ಪ್ರಶ್ನೆ ಚಿಹ್ನೆ ಬಂದರೆ, ಬರೆಯುವಾಗ ತಪ್ಪಾಗಿದೆ. ಪುಟದ ಮತ್ತು ದತ್ತಾಂಶ ಸಂಗ್ರಹದ ಸೆಟ್ಟಿಂಗ್ ನೋಡಬೇಕು. ಹೆಸರುಗಳನ್ನು ಪ್ರಶ್ನೆ ಚಿಹ್ನೆಯಾಗಿಯೇ ಉಳಿಸಿದ್ದರೆ ಅವು ಮತ್ತೆ ಸಿಗುವುದಿಲ್ಲ, ಹೊಸದಾಗಿ ಬರೆಯಬೇಕು. ಆದ್ದರಿಂದ ನೂರಾರು ಹೆಸರು ತುಂಬುವ ಮೊದಲು ಒಂದೇ ಹೆಸರು ಬರೆದು ಪರೀಕ್ಷಿಸಿ.

ಇನ್ನೊಂದು ಮಾತು: ಮೂಲ ಕಡತದ ನಕಲು ಇಟ್ಟುಕೊಳ್ಳಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಸರ್ವರ್ ನಿಲ್ಲಿಸಿ ಮತ್ತೆ ಶುರು ಮಾಡಿ, ಆಮೇಲೆ ನೋಡಿ. ಪ್ರಯೋಗಶಾಲೆಯ ನಿಯಮವೂ ಇದೇ ಅಲ್ಲವೇ?