ತಿಕ್ಕಿದರೆ ಹುಟ್ಟುವ ಬೆಳಕು

ಒಣ ಹವೆಯ ರಾತ್ರಿಗಳಲ್ಲಿ ನೈಲಾನಿನ ಅಂಗಿಯನ್ನು ಕಳಚುವಾಗ ಚಟಪಟ ಸದ್ದಾಗುವುದನ್ನೂ ಕತ್ತಲಲ್ಲಿ ನೀಲಿ ಕಿಡಿಗಳು ಮಿನುಗುವುದನ್ನೂ ವಾಚಕರಲ್ಲಿ ಅನೇಕರು ಕಂಡಿರಬಹುದು. ಕೆಲವರು ಇದನ್ನು ಬಟ್ಟೆಯ ದೋಷವೆಂದೂ ಕೆಲವರು ದೇಹದ ಉಷ್ಣವೆಂದೂ ಬಗೆಯುತ್ತಾರೆ. ಎರಡೂ ಸರಿಯಲ್ಲ.

ಭಿನ್ನ ಜಾತಿಯ ಎರಡು ವಸ್ತುಗಳು ಒಂದನ್ನೊಂದು ಸೋಂಕಿ ಅಗಲಿದಾಗ ಒಂದು ಧನವಿದ್ಯುತ್ತನ್ನೂ ಮತ್ತೊಂದು ಋಣವಿದ್ಯುತ್ತನ್ನೂ ತಳೆಯುತ್ತದೆ. ತಿಕ್ಕುವುದರಿಂದ ಸೋಂಕು ಹೆಚ್ಚುತ್ತದೆ, ಅಷ್ಟೆ. ಉಜ್ಜಿದ ಅಂಬರು ಹುಲ್ಲುಕಡ್ಡಿಯನ್ನು ಸೆಳೆಯುವುದನ್ನು ನಮ್ಮ ಪೂರ್ವಿಕರೂ ಬಲ್ಲವರಾಗಿದ್ದರೆಂಬುದಕ್ಕೆ ತೃಣಮಣಿಯೆಂಬ ಸಂಸ್ಕೃತ ನಾಮವೇ ಸಾಕ್ಷಿ. ಲೋಹದಲ್ಲಿ ಈ ವಿದ್ಯುತ್ತು ಹರಿದುಹೋಗುತ್ತದೆ; ಪ್ಲಾಸ್ಟಿಕ್ಕಿನಲ್ಲಾದರೋ ಹುಟ್ಟಿದೆಡೆಯಲ್ಲಿಯೇ ನಿಲ್ಲುತ್ತದೆ. ನೈಲಾನನ್ನೂ ಟೆಫ್ಲಾನನ್ನೂ ತಿಕ್ಕಿದರೆ ನೈಲಾನು ಧನ, ಟೆಫ್ಲಾನು ಋಣ. ಸೆಂಟಿಮೀಟರಿಗೆ ಸುಮಾರು 30,000 ವೋಲ್ಟುಗಳ ಸೆಳೆತ ಬಿದ್ದೊಡನೆ ನಡುವಣ ಗಾಳಿ ಸೋಲುತ್ತದೆ. ಅದರಲ್ಲಿರುವ ಸಾರಜನಕದ ಅಣುಗಳು ಪೆಟ್ಟು ತಿಂದು ನೀಲಿ-ನೇರಳೆ ಬೆಳಕನ್ನು ಕಾರುತ್ತವೆ. ನಾವು ಕಾಣುವ ಹೊಳಪು ಬಟ್ಟೆಯದಲ್ಲ, ಗಾಳಿಯದು.

ನಮ್ಮ ಶಾಲೆಗಳಲ್ಲಿ ಬಾಚಣಿಗೆಯು ಕಾಗದದ ಚೂರುಗಳನ್ನು ಎತ್ತುವಲ್ಲಿಗೆ ಈ ಪಾಠ ಮುಗಿದುಹೋಗುತ್ತದೆ. ಇದು ನಮಗೆ ಒಪ್ಪಿತವಲ್ಲ. ಕತ್ತಲಿಗೆ ಕಣ್ಣು ಪಳಗುವವರೆಗೆ ಕಾದು ಕಲ್ಲುಸಕ್ಕರೆಯ ಹರಳನ್ನು ಇಕ್ಕಳದಿಂದ ಒಡೆದರೆ ಅದೂ ಮಿನುಗುತ್ತದೆ, ಖರ್ಚು ಕಾಸಿನದು. ಸಕ್ಕರೆಯ ಈ ಗುಣವನ್ನು ಆಂಗ್ಲ ಪಂಡಿತ ಬೇಕನ್ 1620ರಲ್ಲಿಯೇ ಬರೆದಿಟ್ಟನು. ಯಾವ ವಸ್ತು ಧನ, ಯಾವುದು ಋಣವೆಂಬ ಮೊದಲ ಪಟ್ಟಿಯನ್ನು ವಿಲ್ಕೆ ಎಂಬಾತನು 1757ರಲ್ಲಿ ಮಾಡಿದನು. 2008ರಲ್ಲಿ ಕ್ಯಾಲಿಫೋರ್ನಿಯದ ವಿಜ್ಞಾನಿಗಳು ಸಾಮಾನ್ಯವಾದ ಅಂಟುಪಟ್ಟಿಯ ಸುರುಳಿಯನ್ನು ನಿರ್ವಾತದಲ್ಲಿ ಬಿಚ್ಚಿ, ಅದರಿಂದ ಹೊಮ್ಮಿದ ಕ್ಷ-ಕಿರಣಗಳಿಂದ ಬೆರಳಿನ ಎಲುಬಿನ ಚಿತ್ರವನ್ನೇ ಪಡೆದರು! (ಗಾಳಿಯಲ್ಲಿ ಬಿಚ್ಚಿದರೆ ಈ ಕಿರಣಗಳು ಹೊಮ್ಮವು, ಗುಮಾಸ್ತರು ಅಂಜಬೇಕಾಗಿಲ್ಲ.) ಇಷ್ಟಾದರೂ ಪ್ಲಾಸ್ಟಿಕ್ಕುಗಳ ನಡುವೆ ದಾಟುವುದು ಎಲೆಕ್ಟ್ರಾನೋ, ಅಯಾನೋ, ವಸ್ತುವಿನ ಸೂಕ್ಷ್ಮ ಕಣಗಳೋ ಎಂಬ ವಾದ ತೀರಿಲ್ಲ.

ಕಿಡಿಯು ಎಲ್ಲೆಡೆಯೂ ವಿನೋದವಲ್ಲ. ಪೆಟ್ರೋಲೂ ಕೊಳವೆಯ ಒಳಮೈಯನ್ನು ತಿಕ್ಕುತ್ತಲೇ ಹರಿಯುತ್ತದೆ. ಲೋಹದ ಡಬ್ಬಿಯನ್ನು ವಾಹನದ ಪ್ಲಾಸ್ಟಿಕ್ ಹಾಸಿನ ಮೇಲಿಟ್ಟು ತುಂಬಿದರೆ ವಿದ್ಯುತ್ತು ನೆಲಕ್ಕಿಳಿಯಲಾರದೆ ಡಬ್ಬಿಯಲ್ಲಿ ಕೂಡುತ್ತದೆ. ಕೊಳವೆಯ ಮೂತಿ ಸಮೀಪಿಸಿದಾಗ ನೆಗೆಯುವ ಒಂದು ಕಿಡಿಯಿಂದಲೇ ಆವಿ ಹೊತ್ತಿಕೊಳ್ಳಬಹುದು. ಡಬ್ಬಿಯನ್ನು ನೆಲಕ್ಕಿಳಿಸಿ, ಮೂತಿಯನ್ನು ಅದಕ್ಕೆ ತಾಗಿಸಿಯೇ ತುಂಬಬೇಕು. ಈ ಎಚ್ಚರಿಕೆಯನ್ನು ಪ್ರತಿಯೊಂದು ಬಂಕಿನಲ್ಲಿಯೂ ಸ್ಪಷ್ಟ ಕನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ ಬರೆಸಿ ತೂಗುಹಾಕಿಸಬೇಕೆಂದು ಅಧಿಕಾರಿಗಳಲ್ಲಿ ನಮ್ಮ ಬಿನ್ನಹ.