ಪುಷ್ಪಕ್‌ಗೆ ಇಲ್ಲದ ಬಿಡುವು

2024ರ ಜೂನ್ 23ರ ಬೆಳಿಗ್ಗೆ ಚಳ್ಳಕೆರೆ ತಾಲ್ಲೂಕಿನ ಡಿಆರ್‌ಡಿಒ ಪರೀಕ್ಷಾ ನೆಲೆಯ ಮೇಲೆ, ನಾಲ್ಕೂವರೆ ಕಿ.ಮೀ. ಎತ್ತರದಲ್ಲಿ, ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಇಸ್ರೊದ ‘ಪುಷ್ಪಕ್’ ಎಂಬ ಮರುಬಳಕೆಯ ಉಡಾವಣಾ ವಾಹನವನ್ನು ಗಾಳಿಗೆ ಬಿಟ್ಟಿತು. ರನ್‌ವೇ ಇನ್ನೂ ನಾಲ್ಕೂವರೆ ಕಿ.ಮೀ. ದೂರ. ಸಾಲದ್ದಕ್ಕೆ ರನ್‌ವೇಯ ನೇರ ಬಿಟ್ಟು 500 ಮೀಟರ್ ಪಕ್ಕಕ್ಕೆ, ಬೇಕೆಂದೇ! ಮಾರ್ಚ್ 22ರ ಪ್ರಯೋಗದಲ್ಲಿ ಇದೇ ಓರೆ 150 ಮೀಟರ್ ಇತ್ತು.

ತಾನು ಎಲ್ಲಿದ್ದೇನೆ, ಎಲ್ಲಿರಬೇಕಿತ್ತು ಎಂಬುದನ್ನು ಪುಷ್ಪಕ್ ಕ್ಷಣಕ್ಷಣಕ್ಕೂ ಲೆಕ್ಕಹಾಕುತ್ತದೆ. ರೆಕ್ಕೆ, ಬಾಲಗಳ ಆಡುವ ಭಾಗಗಳನ್ನು ತಿರುಗಿಸಿ ಅಂತರ ತಗ್ಗಿಸುತ್ತ ಬರುತ್ತದೆ. ಪೈಲಟ್ ಇಲ್ಲ. ನೂಕುವ ಎಂಜಿನ್ ಇಲ್ಲದ ಕಾರಣ ಇನ್ನೊಂದು ಸುತ್ತು ಹಾಕುವಂತೆಯೂ ಇಲ್ಲ. ಗಂಟೆಗೆ 320 ಕಿ.ಮೀ. ಮೀರಿದ ವೇಗದಲ್ಲಿ ನೆಲ ಮುಟ್ಟಿ, ಪ್ಯಾರಾಚೂಟ್ ಬಿಚ್ಚಿ ನೂರರ ಆಸುಪಾಸಿಗೆ ಇಳಿದು, ಆಮೇಲೆ ಬ್ರೇಕ್ ಹಾಕಿ ನಿಂತಿತು.

ಮನುಷ್ಯರು ತಿದ್ದಿಕೊಳ್ಳುವ ಬಗೆ ಬೇರೆ. ಗುಂಡಿ ಒತ್ತುವಂಥ ಸರಳ ಪರೀಕ್ಷೆಯಲ್ಲೂ, ತಪ್ಪಿದ ಮರುಸರದಿಯಲ್ಲಿ ನಮ್ಮ ಕೈ ನಿಧಾನವಾಗುತ್ತದೆ ಎಂದು ಇಂಗ್ಲೆಂಡಿನ ಪ್ಯಾಟ್ರಿಕ್ ರ್‍ಯಾಬಿಟ್ 1966ರಲ್ಲಿ ತೋರಿಸಿದರು. ತಪ್ಪು ಗುಂಡಿ ಒತ್ತಿದ ಸುಮಾರು ಹತ್ತನೇ ಒಂದು ಸೆಕೆಂಡಿನೊಳಗೆ ಮಿದುಳಿನ ಮುಂಭಾಗದ ನಡುವಿನಿಂದ ಒಂದು ವಿದ್ಯುತ್ ಸಂಕೇತ ಹೊಮ್ಮುತ್ತದೆ. ಯಾರೂ ಹೇಳುವ ಮುನ್ನವೇ ಮಿದುಳಿಗೆ ಸುದ್ದಿ ಮುಟ್ಟಿರುತ್ತದೆ.

ಆದರೆ ನಿಧಾನವಾದವರೆಲ್ಲ ಸರಿ ಮಾಡುತ್ತಾರೆಂದಲ್ಲ. ಮುಂದಿನ ಪ್ರಶ್ನೆ ತಕ್ಷಣ ಎರಗಿದರೆ ಗಮನ ಇನ್ನೂ ಹಿಂದಿನ ತಪ್ಪಿನಲ್ಲೇ ಸಿಕ್ಕಿರುತ್ತದೆ; ಎರಡನೆಯದೂ ಕೆಡುವ ಸಂಭವ ಹೆಚ್ಚು. ಬಿಡುವು ಕೊಟ್ಟರೆ ಈ ನಷ್ಟ ಬಹುಮಟ್ಟಿಗೆ ಇಲ್ಲವಾಗುತ್ತದೆ. ಮಗ್ಗಿ ತಪ್ಪಿದ ಮಗುವನ್ನು ಗದರಿಸಿ, ಉಸಿರಾಡಲೂ ಬಿಡದೆ ಮುಂದಿನದನ್ನು ಕೇಳುವುದು ಕ್ರೌರ್ಯವಷ್ಟೇ ಅಲ್ಲ, ಕಲಿಕೆಗೂ ಕೇಡು.

ಪುಷ್ಪಕ್ ಇಳಿದ ಚಳ್ಳಕೆರೆಯ ಪಕ್ಕದ ತಾಲ್ಲೂಕೇ ಮೊಳಕಾಲ್ಮೂರು. ಅಲ್ಲಿನ ರೇಷ್ಮೆ ಕೈಮಗ್ಗದಲ್ಲಿ ಈ ಬಿಡುವು ಕೆಲಸದೊಳಗೇ ಇದೆ. ಹಾಸಿನ ಎಳೆ ತುಂಡಾದರೆ ಲಾಳಿ ನಿಲ್ಲಬೇಕು. ತುದಿ ಹುಡುಕಿ, ಗಂಟು ಹಾಕಿ, ಹಣಿಗೆಯ ಅದೇ ಸಂದಿನಲ್ಲಿ ಎಳೆಯನ್ನು ಮತ್ತೆ ತೂರಿಸಬೇಕು. ಹೊಕ್ಕು ತಪ್ಪಿದ್ದರೆ ನೇಯ್ದದ್ದನ್ನು ಒಂದೊಂದೇ ಎಳೆಯಾಗಿ ಬಿಚ್ಚುತ್ತ ತಪ್ಪಿದ ಜಾಗದವರೆಗೆ ಹಿಂದಕ್ಕೆ ಹೋಗಬೇಕು. ಆ ಹೊತ್ತಿನಲ್ಲಿ ಸೀರೆ ಒಂದಿಂಚೂ ಬೆಳೆಯುವುದಿಲ್ಲ. ಕೂಲಿ ಲೆಕ್ಕ ಹಾಕುವವರು ಈ ಹೊತ್ತನ್ನೂ ದುಡಿಮೆಯೆಂದೇ ಎಣಿಸಬೇಕು.