ಊರಿನ ಧಾರ್ಮಿಕ ಬದುಕು ಮತ್ತು ಮಕ್ಕಳ ಅರಿವು: ಕೋಲಾರ ಪರಿಸರವನ್ನು ಅನುಲಕ್ಷಿಸಿ

ಊರೊಂದನ್ನು ಮಕ್ಕಳಿಗೆ ಪರಿಚಯಿಸುವ ಬರಹಗಳಲ್ಲಿ ಸಾಮಾನ್ಯವಾಗಿ ಎರಡು ಮಾದರಿಗಳು ಕಾಣುತ್ತವೆ. ಒಂದು, ರಾಜವಂಶ ಹಾಗೂ ದೇವಾಲಯಗಳ ಪಟ್ಟಿ. ಇನ್ನೊಂದು, ಸ್ಥಳಪುರಾಣವನ್ನೇ ಚರಿತ್ರೆಯೆಂದು ಹೇಳುವ ಕಥನ. ಮೊದಲನೆಯದರಲ್ಲಿ ಬದುಕಿಲ್ಲ, ಎರಡನೆಯದರಲ್ಲಿ ವಿವೇಚನೆಯಿಲ್ಲ. ಆಚರಣೆ, ಐತಿಹ್ಯ, ಚರಿತ್ರೆ ಈ ಮೂರನ್ನೂ ಬೇರೆಬೇರೆಯಾಗಿ ಗುರುತಿಸಿ, ಒಟ್ಟಿಗೆ ಕಲಿಸುವ ಸಾಧ್ಯತೆಯನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ.

ಮುಳಬಾಗಿಲು ತಾಲ್ಲೂಕಿನ ಆವನಿ ಇದಕ್ಕೆ ಸ್ಪಷ್ಟ ನಿದರ್ಶನ. ವಾಲ್ಮೀಕಿಯ ಆಶ್ರಮ ಇಲ್ಲಿತ್ತು, ಸೀತೆ ಲವಕುಶರನ್ನು ಹೆತ್ತದ್ದು ಇಲ್ಲಿಯೇ ಎಂಬುದು ಐತಿಹ್ಯ. ರಾಮಲಿಂಗೇಶ್ವರ ದೇವಾಲಯ ಸಮುಚ್ಚಯವು ನೊಳಂಬರ ಕಾಲದ್ದೆಂಬುದು ಚರಿತ್ರೆ. ಸಂತಾನವನ್ನು ಬಯಸುವ ಹೆಂಗಸರು ಬೆಟ್ಟದ ಮೇಲಿನ ಸೀತೆಯ ಗುಡಿಗೆ ಹರಕೆ ಹೊರುವುದು ಆಚರಣೆ. ಒಂದನ್ನು ಇನ್ನೊಂದರಿಂದ ಅಲ್ಲಗಳೆಯಬೇಕಾಗಿಲ್ಲ. 'ಇದು ನಡೆದದ್ದೇ?' ಎಂದು ಮಗು ಕೇಳಿದಾಗ 'ಜನ ಹೀಗೆ ನಂಬುತ್ತಾರೆ, ಶಾಸನ ಹೀಗೆ ಹೇಳುತ್ತದೆ' ಎಂದು ಉತ್ತರಿಸಲು ಅಧ್ಯಾಪಕನಿಗೆ ಸಾಧ್ಯವಾಗುತ್ತದೆ.

ಕೋಲಾರ ಪಟ್ಟಣದ ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನಿಗೂ ಪೂಜೆಯುಂಟು. ಚೇಳಿನ ಭಯ ಮಗುವಿಗೆ ಪರಿಚಿತ. ಆ ಭಯದಿಂದಲೇ ಪಾಠವನ್ನು ಆರಂಭಿಸಬಹುದು. ಅನಂತರ ಅದೇ ಗುಡಿಯ ಚೋಳರ ಕಾಲದ ತಮಿಳು ಶಾಸನಗಳತ್ತ ಗಮನ ಸೆಳೆಯಬಹುದು. ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 10ನೆಯ ಸಂಪುಟ ಈ ಜಿಲ್ಲೆಯ ಶಾಸನಗಳಿಗೇ ಮೀಸಲಾಗಿದೆ. ಇದೇ ಪಟ್ಟಣದ ಮಕ್ಬರಾದಲ್ಲಿ ಹೈದರಾಲಿಯ ತಂದೆ ಫತೇ ಮುಹಮ್ಮದನ ಸಮಾಧಿಯಿದೆ. 1782ರಲ್ಲಿ ತೀರಿಕೊಂಡ ಹೈದರನ ದೇಹವನ್ನು ಶ್ರೀರಂಗಪಟ್ಟಣಕ್ಕೆ ಒಯ್ಯುವ ಮೊದಲು ಇಲ್ಲಿಯೇ ಇರಿಸಲಾಗಿತ್ತು. ಡಿ.ವಿ.ಜಿ. ಅವರ ಹುಟ್ಟೂರಾದ ಮುಳಬಾಗಿಲಿನಲ್ಲಿ ಆಂಜನೇಯನ ಗುಡಿ, ಕನ್ನಡದಲ್ಲಿ ದೇವರನಾಮಗಳನ್ನು ರಚಿಸಿದ ಶ್ರೀಪಾದರಾಜರ ಬೃಂದಾವನ, ಹೈದರ್ ವಲಿ ದರ್ಗಾ ಮೂರೂ ಇವೆ. ದರ್ಗಾಕ್ಕೆ ಹಿಂದೂಗಳೂ ನಡೆದುಕೊಳ್ಳುತ್ತಾರೆ.

ಭಾಷೆಯ ಪ್ರಶ್ನೆಯೂ ಇಲ್ಲಿ ಮುಖ್ಯ. ಈ ಗಡಿಭಾಗದ ಅನೇಕ ಮಕ್ಕಳ ಮನೆಮಾತು ತೆಲುಗು ಅಥವಾ ದಖನಿ ಉರ್ದು. ಮನೆಯ 'ಅಮ್ಮವಾರು' ಪಠ್ಯದಲ್ಲಿ 'ಶಕ್ತಿದೇವತೆ'ಯಾದಾಗ ಮಗುವಿಗೆ ತನ್ನ ದೇವತೆಯೇ ಅಪರಿಚಿತಳಾಗುತ್ತಾಳೆ. ಆದ್ದರಿಂದ ಮನೆಯ ಪದದಿಂದ ಹೊರಟು ಕನ್ನಡದ ಪದಕ್ಕೆ ಬರುವುದು ಉಚಿತ. ಊರ ಹೆಸರುಗಳೂ ನೆರವಾಗುತ್ತವೆ. ಮುಳಬಾಗಿಲು 'ಮೂಡಲ ಬಾಗಿಲು'. ಪಾಪನಪಲ್ಲಿಯು ದಿವಾನ್ ಪೂರ್ಣಯ್ಯನವರ ಮಗನ ಹೆಸರಿನಿಂದ ಶ್ರೀನಿವಾಸಪುರವಾಯಿತು. ಮಾಲೂರು ತಾಲ್ಲೂಕಿನ ಚಿಕ್ಕತಿರುಪತಿ ತನ್ನ ಹೆಸರಿನಲ್ಲಿಯೇ ತಿರುಪತಿಯ ನಂಟನ್ನು ಹೇಳುತ್ತದೆ.

ಒಟ್ಟಾರೆಯಾಗಿ ಹೇಳುವುದಾದರೆ, ಐತಿಹ್ಯವನ್ನು ಚರಿತ್ರೆಯೆಂದು ಕಲಿತ ಮಗು ಮುಂದೆ ಅದನ್ನು ಹಕ್ಕುಸಾಧನೆಯ ಆಧಾರವಾಗಿ ಬಳಸುವ ಅಪಾಯವಿದೆ. ಐತಿಹ್ಯವನ್ನೇ ಕೇಳದ ಮಗುವಿಗೆ ಊರು ಬರಿಯ ಕಲ್ಲಾಗಿ ಉಳಿಯುತ್ತದೆ. ಮೂರನ್ನೂ ಬಿಡಿಸಿ ನೋಡಲು ಕಲಿತ ಮಗುವಿಗೆ ಮಾತ್ರ ನೆರೆಯವರ ಪವಿತ್ರ ಸ್ಥಳವೂ ತನ್ನ ಊರಿನ ಭಾಗವಾಗಿ ತೋರೀತು. ಸ್ಥಳೀಯ ಪಾಠಗಳನ್ನು ರೂಪಿಸುವವರು ಈ ವಿವೇಕವನ್ನು ಗಮನದಲ್ಲಿರಿಸಿಕೊಳ್ಳುವುದು ಅಗತ್ಯ.